ಯಶೋಧರ ಚರಿತೆಯ ಸಾವುಗಳಿಗೆ ಹೊಣೆ ಯಾರು?

ಜೈನ ಕಥಾಸಾಹಿತ್ಯದಲ್ಲಿ ಯಶೋಧರನ ಕಥೆಯಷ್ಟು ಸಾವುಗಳನ್ನು ಒಡಲಲ್ಲಿಟ್ಟುಕೊಂಡ ಕಥೆಗಳು ವಿರಳ. ಯಶೋಧರ ಮತ್ತು ಅವನ ತಾಯಿ ಚಂದ್ರಮತಿ ಮನುಷ್ಯಜನ್ಮದಲ್ಲಿ ಒಮ್ಮೆ, ತಿರ್ಯಂಚ ಜನ್ಮಗಳಲ್ಲಿ ಆರು ಬಾರಿ, ಹೀಗೆ ಒಬ್ಬೊಬ್ಬರೂ ಏಳು ಸಲ ಸಾಯುತ್ತಾರೆ. ಎರಡು ಜೀವಗಳಿಗೆ ಒಟ್ಟು ಹದಿನಾಲ್ಕು ಮರಣಗಳು; ಅವುಗಳಲ್ಲಿ ಶಾಂತಮರಣವೆಂಬುದು ಒಂದೂ ಇಲ್ಲ. ವಿಷ, ಹಲ್ಲು, ದೊಣ್ಣೆ, ಬಲೆ, ಬೆಂಕಿ, ಬಾಣ ಇವೇ ಅಲ್ಲಿ ಮೃತ್ಯುವಿನ ಸಾಧನಗಳು. ಈ ಸಾವುಗಳ ಹೊಣೆಯನ್ನು ಯಾರು ಹೊರಬೇಕು? ವಿಷವಿಕ್ಕಿದ ಅಮೃತಮತಿಯೇ? ಬಲಿಗೆ ಪ್ರೇರಿಸಿದ ಚಂದ್ರಮತಿಯೇ? ಖಡ್ಗವನ್ನೆತ್ತಿ ಹಿಟ್ಟಿನ ಕೋಳಿಯನ್ನು ಕಡಿದ ಯಶೋಧರನೇ? ಅಥವಾ ವಿಧಿಯೇ? ಸಾಮಾನ್ಯ ವಾಚಕರು ಮೊದಲ ಹೆಸರನ್ನು ಹೇಳಿ ಮುಗಿಸುವುದುಂಟು. ಆ ಉತ್ತರವು ಕಥೆಯ ತಾತ್ಪರ್ಯಕ್ಕೆ ಎಷ್ಟರಮಟ್ಟಿಗೆ ಸಲ್ಲುತ್ತದೆ ಎಂಬುದನ್ನು ಜನ್ನನ ಕಾವ್ಯವನ್ನು ಮುಖ್ಯ ಆಧಾರವಾಗಿಟ್ಟುಕೊಂಡು, ಕರ್ಮಸಿದ್ಧಾಂತದ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧. ಕಥಾಪರಂಪರೆ

ಈ ಕಥೆಯ ಪ್ರಾಚೀನತೆಯನ್ನು ವಿದ್ವಾಂಸರು ಬಲ್ಲರು. ಕ್ರಿ.ಶ. ೭೭೯ರಲ್ಲಿ ರಚಿತವಾದ ಉದ್ಯೋತನಸೂರಿಯ ಕುವಲಯಮಾಲೆಯಲ್ಲಿ ಪ್ರಭಂಜನನ ಯಶೋಧರ ಚರಿತದ ಉಲ್ಲೇಖವಿದೆ. ಹರಿಭದ್ರನ ಸಮರಾಇಚ್ಚಕಹೆಯಲ್ಲಿಯೂ ಈ ವೃತ್ತಾಂತ ಬೇರೆ ಪಾತ್ರನಾಮಗಳೊಡನೆ ಬಂದಿದೆ. ಸೋಮದೇವಸೂರಿ ಶಕವರ್ಷ ೮೮೧ರಲ್ಲಿ, ಎಂದರೆ ಕ್ರಿ.ಶ. ೯೫೯ರಲ್ಲಿ, ಯಶಸ್ತಿಲಕ ಚಂಪುವನ್ನು ಮುಗಿಸಿದನು. ಅದೇ ಶತಮಾನದಲ್ಲಿ ಪುಷ್ಪದಂತನು ಮಾನ್ಯಖೇಟದಲ್ಲಿದ್ದು ಅಪಭ್ರಂಶದಲ್ಲಿ ಜಸಹರಚರಿಉವನ್ನು ರಚಿಸಿದನು. ಮುಂದಿನ ಶತಮಾನದ ವಾದಿರಾಜನು ನಾಲ್ಕು ಸರ್ಗಗಳ ಕಿರಿಯ ಸಂಸ್ಕೃತ ಕಾವ್ಯದಲ್ಲಿ ಅದನ್ನು ಸಂಗ್ರಹಿಸಿದನು. ಹೊಯ್ಸಳ ವೀರಬಲ್ಲಾಳನ ಆಸ್ಥಾನದಲ್ಲಿದ್ದ ಕವಿಚಕ್ರವರ್ತಿ ಜನ್ನನು ವಾದಿರಾಜನ ದಾರಿಯಲ್ಲಿ ನಡೆದು, ಕ್ರಿ.ಶ. ೧೨೦೯ರಲ್ಲಿ ನಾಲ್ಕು ಅವತಾರಗಳ ಕಂದಪದ್ಯಕಾವ್ಯವನ್ನು ಕನ್ನಡಕ್ಕೆ ನೀಡಿದನು. ಉತ್ತರ ಮತ್ತು ಪಶ್ಚಿಮ ಭಾರತದ ದಿಗಂಬರ ಸಮಾಜದಲ್ಲಿ ಈ ಕಥೆಯ ಸಚಿತ್ರ ಹಸ್ತಪ್ರತಿಗಳು ವಿಶೇಷವಾಗಿ ತಯಾರಾದವು.

ಒಂದೇ ಕಥೆಯನ್ನು ಇಷ್ಟು ಮಂದಿ ಕವಿಗಳು ಮರಳಿ ಮರಳಿ ಹೇಳಿದ್ದರ ಕಾರಣ ಅದರ ಮೇಲ್ನೋಟದ ರೋಚಕತೆಯೊಂದೇ ಆಗಲಾರದು. ಅಲ್ಲಿ ಬಿಡಿಸಬೇಕಾದ ಒಂದು ಧರ್ಮಸೂಕ್ಷ್ಮವಿದೆ. ಜೀವವಿಲ್ಲದ ಹಿಟ್ಟಿನ ಬೊಂಬೆಯನ್ನು ಕಡಿದವನು ಏಕೆ ಹಾಗೆ ತೊಳಲಬೇಕು ಎಂಬುದೇ ಆ ಸೂಕ್ಷ್ಮ.

೨. ಅಮೃತಮತಿಯ ಹೊಣೆ

ಮೊದಲು ಎಲ್ಲರೂ ಬೆರಳು ತೋರಿಸುವ ಪಾತ್ರವನ್ನೇ ನೋಡೋಣ. ರಾತ್ರಿಯ ಹೊತ್ತು ಆನೆಯ ಲಾಯದಿಂದ ಬಂದ ಗಾನಕ್ಕೆ ಅಮೃತಮತಿ ಮನಸೋಲುತ್ತಾಳೆ. ಹಾಡಿದವನು ಕುರೂಪಿಯಾದ ಮಾವಟಿಗ ಅಷ್ಟಾವಂಕನೆಂದು ಸಖಿಯಿಂದ ತಿಳಿದ ಮೇಲೂ ಅವಳ ಮನಸ್ಸು ಹಿಮ್ಮೆಟ್ಟುವುದಿಲ್ಲ. ಗಂಡನಿಗೆ ತನ್ನ ಗುಟ್ಟು ತಿಳಿಯಿತೆಂಬ ಶಂಕೆ ಮೂಡಿದಾಗ, ಅವನು ರಾಜ್ಯವನ್ನು ಮಗ ಯಶೋಮತಿಗೊಪ್ಪಿಸಿ ತಪಸ್ಸಿಗೆ ಹೊರಡಲಿರುವಾಗಲೇ, ಅವನನ್ನೂ ಅತ್ತೆಯನ್ನೂ ಊಟಕ್ಕೆ ಕರೆದು ವಿಷವಿಕ್ಕುತ್ತಾಳೆ.

ಇದು ಸಂಕಲ್ಪೀ ಹಿಂಸೆ. ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳಲ್ಲಿ ಗೃಹಸ್ಥನಿಗೆ ಹೇಳಬಹುದಾದ ಯಾವ ಸಮಾಧಾನವೂ ಇಲ್ಲಿ ಸಲ್ಲದು. ಕೃತ, ಕಾರಿತ, ಅನುಮತಗಳೆಂಬ ಮೂರರಲ್ಲಿ ಇದು ಕೃತ. ಮನೋವಾಕ್ಕಾಯಗಳು ಮೂರೂ ಇದರಲ್ಲಿ ತೊಡಗಿವೆ. ಆದ್ದರಿಂದ ಮೊದಲ ಎರಡು ಸಾವುಗಳ ವಿಷಯದಲ್ಲಿ ಅವಳ ಹೊಣೆ ಪೂರ್ಣವಾದುದು. ಅವಳು ರೋಗಪೀಡಿತಳಾಗಿ ಸತ್ತು ನರಕಕ್ಕೆ ಸಲ್ಲುವುದನ್ನು ಕವಿ ಹೇಳದೆ ಬಿಡುವುದಿಲ್ಲ. ಅಷ್ಟಾವಂಕನಾದರೋ ಕ್ರೂರಿ, ದುಷ್ಟ. ತಡವಾಗಿ ಬಂದಳೆಂದು ರಾಣಿಯನ್ನೇ ಹೊಡೆಯುವವನು. ಆದರೆ ವಿಷದ ಸಂಕಲ್ಪ ಅವನದಲ್ಲ. ಜಾರತನದ ಪಾಪಕ್ಕೆ ಅವನು ಭಾಗಿ. ಕೊಲೆಗೆ ಅವನನ್ನು ಕರ್ತೃವೆನ್ನಲು ಕಥೆಯಲ್ಲಿ ಆಧಾರ ಸಾಲದು.

ಆದರೆ ಇಲ್ಲಿಗೆ ನಿಂತರೆ ಉಳಿದ ಹನ್ನೆರಡು ಸಾವುಗಳು ಹೊಣೆಗಾರರಿಲ್ಲದೆ ಉಳಿಯುತ್ತವೆ. ವಿಷವಿಕ್ಕಿದವಳು ಯಶೋಧರನ ದೇಹವನ್ನು ಕೊಂದಳಲ್ಲದೆ ಅವನನ್ನು ನವಿಲಾಗಿಸಲಿಲ್ಲ. ಒಬ್ಬನ ಗತಿಯನ್ನು ಮತ್ತೊಬ್ಬನು ಕಟ್ಟಿಕೊಡಲು ಸಾಧ್ಯವಿಲ್ಲವೆಂಬುದು ಜೈನದರ್ಶನದ ಅಡಿಗಲ್ಲು. ವಿಷದಿಂದ ಸತ್ತ ಎಷ್ಟೋ ಜೀವಗಳು ಸದ್ಗತಿಯನ್ನು ಪಡೆದಿರಬಹುದು. ಯಶೋಧರನು ಪಡೆಯಲಿಲ್ಲವಾದರೆ ಅದರ ಕಾರಣವನ್ನು ಅವನಲ್ಲಿಯೇ ಅರಸಬೇಕು.

೩. ಯಶೋಧರನ ಹೊಣೆ

ಅರಸನು ರಾಣಿಯನ್ನು ಹಿಂಬಾಲಿಸಿ ಹೋಗಿ ಅವಳ ನಡತೆಯನ್ನು ಕಣ್ಣಾರೆ ಕಂಡು ಕತ್ತಿಯನ್ನೆತ್ತುತ್ತಾನೆ, ಮತ್ತೆ ತಡೆದುಕೊಳ್ಳುತ್ತಾನೆ. ಇದು ಅವನ ಸಂಯಮವೆಂದು ಪ್ರಶಂಸಿಸುವುದು ಸಹಜ. ಕತ್ತಿ ಬೀಳಲಿಲ್ಲವೆಂಬುದು ದೊಡ್ಡ ಮಾತೇ ಸರಿ. ಆದರೆ ತಡೆದ ಕಾರಣವನ್ನು ಗಮನಿಸಬೇಕು. ಶತ್ರುರಾಜರ ಮೇಲೆ ಹಾಯ್ದ ಖಡ್ಗವನ್ನು ಇಂಥ ಹೀನರ ಮೇಲೆ ಬೀಸುವುದು ತನಗೆ ತಕ್ಕುದಲ್ಲ ಎಂಬ ಭಾವ ಅಲ್ಲಿ ಪ್ರಬಲವಾಗಿದೆ. ಕ್ರೋಧವನ್ನು ಅಡಗಿಸಿದ್ದು ಕ್ಷಮೆಯಲ್ಲ, ಮಾನಕಷಾಯ. ಕಷಾಯದಿಂದ ಅಡಗಿದ ಕಷಾಯವು ನಾಶವಾಗದು, ವೇಷವನ್ನು ಮಾತ್ರ ಬದಲಿಸುತ್ತದೆ. ಅನಂತರ ಅವನು ರಾಣಿಯನ್ನು ನೆಯ್ದಿಲೆಯ ಹೂವಿನಿಂದ ಹೊಡೆದು ವ್ಯಂಗ್ಯವಾಡುವುದು ಉಳಿದಿದ್ದ ಕ್ರೋಧದ ಹೊಗೆಯೇ ಆಗಿದೆ.

ಮುಂದಿನ ಹೆಜ್ಜೆ ಇನ್ನೂ ಮುಖ್ಯವಾದುದು. ಬಾಡಿದ ಮುಖದ ಮಗನನ್ನು ಕಂಡು ತಾಯಿ ಕಾರಣ ಕೇಳಿದಾಗ ಅವನು ನಡೆದುದನ್ನು ಹೇಳುವುದಿಲ್ಲ. ಕೆಟ್ಟ ಕನಸು ಕಂಡೆನೆಂದು ಹೇಳುತ್ತಾನೆ. ಕುಲದ ಮಾನ ಉಳಿಯಲೆಂಬ ಆಸೆ ಅದರ ಹಿಂದಿದೆ. ಇಲ್ಲಿ ಮಾನವು ಮಾಯೆಯಾಗಿ ಪರಿಣಮಿಸಿತು. ಚಂದ್ರಮತಿ ಬಲಿಯ ಮಾತೆತ್ತಿದ್ದು ಆ ಕನಸಿನ ಶಾಂತಿಗಾಗಿ. ಕನಸೇ ಇಲ್ಲದಿದ್ದರೆ ಶಾಂತಿಯ ಪ್ರಶ್ನೆಯೇ ಏಳುತ್ತಿರಲಿಲ್ಲ. ಹೀಗೆ ಬಲಿಗೆ ಮೂಲ ನಿಮಿತ್ತವು ತಾಯಿಯ ಮಿಥ್ಯಾತ್ವಕ್ಕಿಂತ ಮೊದಲು ಮಗನ ಅಸತ್ಯವಾಗಿದೆ.

ಜೀವಬಲಿಗೆ ಯಶೋಧರನು ಒಪ್ಪುವುದಿಲ್ಲ. ಅಹಿಂಸೆಯ ಅರಿವು ಅವನಿಗೆ ಇತ್ತು. ಆದರೂ ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಕಡಿಯಲು ಒಡಂಬಡುತ್ತಾನೆ. ಈ ಒಡಂಬಡಿಕೆಯು ಎರಡು ಕಡೆಗೂ ವಂಚನೆಯಾಯಿತು. ದೇವತೆಗೆ ಕೊಟ್ಟದ್ದು ಕೋಳಿಯಲ್ಲ. ವ್ರತಕ್ಕೆ ಉಳಿದದ್ದು ಅಹಿಂಸೆಯಲ್ಲ. ಸುಳ್ಳು ಕನಸಿಗೆ ಸುಳ್ಳು ಕೋಳಿ ಪರಿಹಾರವಾಯಿತು. ಬೊಂಬೆಯಲ್ಲಿ ವ್ಯಂತರವೊಂದು ಸೇರಿಕೊಂಡು, ಪೆಟ್ಟು ಬಿದ್ದೊಡನೆ ಅದು ಕೂಗಿತೆಂದು ಕವಿ ಹೇಳುತ್ತಾನೆ. ಆ ಕೂಗು ಯಶೋಧರನಿಗೆ ತನ್ನ ಸಂಕಲ್ಪದ ನಿಜರೂಪವನ್ನು ತೋರಿಸಿತು. ವ್ಯಂತರವಿಲ್ಲದಿದ್ದರೆ ಪಾಪವಿರಲಿಲ್ಲವೆಂದು ಯಾರೂ ಭಾವಿಸಬಾರದು. ಕೂಗುವುದಕ್ಕೆ ಮೊದಲೇ ಕೊಲ್ಲುವೆನೆಂಬ ಭಾವ ಪೂರ್ಣವಾಗಿತ್ತು.

ಇಲ್ಲಿ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವನ್ನು ನೆನೆಯುವುದು ಅವಶ್ಯ. ಬಹ್ವಾರಂಭ ಪರಿಗ್ರಹಗಳು ನರಕಾಯುವಿನ ಆಸ್ರವಕ್ಕೆ ಕಾರಣವೆಂದೂ, ಮಾಯೆ ತಿರ್ಯಂಚಾಯುವಿನ ಆಸ್ರವಕ್ಕೆ ಕಾರಣವೆಂದೂ ಉಮಾಸ್ವಾಮಿಗಳು ವಿಭಾಗಿಸಿದ್ದಾರೆ. ರೌದ್ರಧ್ಯಾನವು ನರಕಕ್ಕೂ ಆರ್ತಧ್ಯಾನವು ತಿರ್ಯಗ್ಗತಿಗೂ ಒಯ್ಯುತ್ತದೆಂಬುದು ಆಚಾರ್ಯಪರಂಪರೆಯ ಮಾತು. ಕಥೆಯ ಗತಿಗಳನ್ನು ಇದರೊಡನೆ ಹೊಂದಿಸಿ ನೋಡಿದರೆ ಕವಿಯ ನಿರ್ಣಯ ತಾನಾಗಿ ಹೊರಬೀಳುತ್ತದೆ. ಕೊಲೆಯಲ್ಲೇ ನೆಲೆಸಿದ ಮನಸ್ಸಿನ ಅಮೃತಮತಿ ನರಕಕ್ಕೆ ಹೋದಳು. ಮರೆಮಾಚಿ ನಡೆದ, ಕೊನೆಯವರೆಗೂ ಸಂಕಟದಲ್ಲೇ ಮುಳುಗಿದ್ದ ಯಶೋಧರನು ತಿರ್ಯಂಚನಾದನು. ಹಿಂಸೆಯ ಪಾಪಕ್ಕೆ ನರಕವನ್ನೇಕೆ ಹೇಳಲಿಲ್ಲ, ಪ್ರಾಣಿಜನ್ಮಗಳನ್ನೇಕೆ ಹೇಳಿದರು ಎಂಬ ಆಕ್ಷೇಪಕ್ಕೆ ಇದೇ ಸಮಾಧಾನವೆಂದು ನಮಗೆ ತೋರುತ್ತದೆ. ಅವನ ದೋಷದಲ್ಲಿ ಹಿಂಸೆಯೊಡನೆ ಮಾಯೆಯೂ ಬೆರೆತಿತ್ತು. ಗತಿಯನ್ನು ನಿಶ್ಚಯಿಸಿದ್ದು ಆ ಮಾಯೆ.

೪. ಚಂದ್ರಮತಿಯ ಹೊಣೆ

ಚಂದ್ರಮತಿಗೆ ಸತ್ಯ ತಿಳಿದಿರಲಿಲ್ಲ. ಅವಳ ಮಾತಿನ ಹಿಂದೆ ಮಗನ ಮೇಲಿನ ವಾತ್ಸಲ್ಯವಿತ್ತು. ಆದರೂ ಅವಳು ಕಾರಿತದ ಹೊಣೆಯಿಂದ ಪಾರಾಗುವುದಿಲ್ಲ. ಜೀವಾಧಿಕರಣದ ೧೦೮ ಭೇದಗಳನ್ನು ಎಣಿಸುವಾಗ ಸಂರಂಭ, ಸಮಾರಂಭ, ಆರಂಭಗಳನ್ನು ಮೂರು ಯೋಗಗಳಿಂದಲೂ, ಕೃತ ಕಾರಿತ ಅನುಮತಗಳಿಂದಲೂ, ನಾಲ್ಕು ಕಷಾಯಗಳಿಂದಲೂ ಗುಣಿಸುತ್ತಾರೆ. ಈ ಗಣನೆಯಲ್ಲಿ ಮಾಡಿಸಿದವನು ಮಾಡಿದವನಿಗಿಂತ ಕೆಳಗಿನ ಮೆಟ್ಟಿಲಲ್ಲಿ ನಿಲ್ಲುವುದಿಲ್ಲ. ಇಬ್ಬರೂ ಸಮಾನವಾಗಿ ಎಣಿಕೆಗೆ ಬರುತ್ತಾರೆ. ಅವಳು ಬಯಸಿದ್ದು ನಿಜವಾದ ಜೀವಬಲಿಯನ್ನು. ಹಿಟ್ಟಿನ ಕೋಳಿ ಅವಳ ಪಾಲಿಗೆ ಬಯಕೆಯ ಬದಲು ವಸ್ತುವಾಗಿತ್ತೇ ಹೊರತು ಬಯಕೆಯ ತ್ಯಾಗವಾಗಿರಲಿಲ್ಲ.

ಸೋಮದೇವನು ಈ ಸನ್ನಿವೇಶವನ್ನು ತಾಯಿಮಕ್ಕಳ ದೀರ್ಘ ವಾದವಾಗಿ ಬೆಳೆಸಿ, ಯಜ್ಞಹಿಂಸೆಯ ಸಮರ್ಥನೆಗಳನ್ನೆಲ್ಲ ಚಂದ್ರಮತಿಯ ಬಾಯಲ್ಲಿಟ್ಟು ಯಶೋಧರನಿಂದ ಖಂಡಿಸಿಸಿದ್ದಾನೆ. ವಾದದಲ್ಲಿ ಮಗ ಗೆಲ್ಲುತ್ತಾನೆ, ನಡತೆಯಲ್ಲಿ ಸೋಲುತ್ತಾನೆ. ಹೀಗಾಗಿ ಸೋಮದೇವನ ಯಶೋಧರನ ಹೊಣೆ ಇನ್ನೂ ಭಾರವಾದುದು. ಅರಿಯದೆ ಮಾಡಿಸಿದವಳಿಗಿಂತ ಅರಿತು ಮಾಡಿದವನು ಕಡಿಮೆಯವನಲ್ಲ. ಜನ್ನನು ಈ ವಾದವನ್ನು ಸಂಕ್ಷೇಪಿಸಿದ್ದರೂ ಫಲವನ್ನು ಸಂಕ್ಷೇಪಿಸಿಲ್ಲ. ತಾಯಿಮಕ್ಕಳು ಆರು ಭವಗಳಲ್ಲಿಯೂ ಜೊತೆಜೊತೆಯಾಗಿ ತೊಳಲುತ್ತಾರೆ. ಮಗ ನವಿಲಾದಾಗ ತಾಯಿ ನಾಯಾಗಿ ಅವನನ್ನೇ ಕಚ್ಚಿ ಕೊಲ್ಲುತ್ತಾಳೆ. ಒಬ್ಬರ ಮೇಲೊಬ್ಬರಿಗಿದ್ದ ವಾತ್ಸಲ್ಯವು ಬಲಿಯನ್ನು ಮಾಡಿಸಿತು. ಆ ಬಲಿಯು ವಾತ್ಸಲ್ಯವನ್ನೇ ನುಂಗಿಹಾಕಿತು.

೫. ಯಶೋಮತಿ: ತಿಳಿಯದೆ ಕೊಂದವನು

ತಿರ್ಯಂಚ ಭವಗಳಲ್ಲಿ ಸಂಭವಿಸುವ ಅನೇಕ ಸಾವುಗಳಿಗೆ ಯಶೋಮತಿಯೂ ಅವನ ಮನೆಯೂ ನಿಮಿತ್ತ. ಸತ್ತ ತಂದೆಯ ತೃಪ್ತಿಗಾಗಿ ನಡೆಯುವ ಶ್ರಾದ್ಧದಲ್ಲಿ ತಂದೆಯ ಜೀವವೇ ಆಹಾರವಾಗಿ ಬೇಯುತ್ತದೆ. ಕೊನೆಗೆ ರಾಣಿಯೆದುರು ತನ್ನ ಶಬ್ದವೇಧಿ ವಿದ್ಯೆಯನ್ನು ಮೆರೆಯಲು ಅವನು ಬಿಟ್ಟ ಬಾಣಕ್ಕೆ ಕೋಳಿಗಳೆರಡೂ ಬಲಿಯಾಗುತ್ತವೆ.

ಇವನು ಪಿತೃಘಾತಿಯೇ? ಲೌಕಿಕ ನ್ಯಾಯದಲ್ಲಿ ಅಲ್ಲ, ಏಕೆಂದರೆ ಅವನಿಗೆ ತಿಳಿದಿರಲಿಲ್ಲ. ಆದರೆ ಜೈನ ಕವಿಯ ಕೇಳಿಕೆ ಬೇರೆಯಾದುದು. ಕೋಳಿ ತನ್ನ ತಂದೆಯೆಂದು ತಿಳಿದಿದ್ದರೆ ಅವನು ಬಾಣವನ್ನು ಬಿಡುತ್ತಿರಲಿಲ್ಲ ನಿಜ. ತಂದೆಯಲ್ಲದ ಕೋಳಿಯನ್ನಾದರೆ ಕೊಲ್ಲಬಹುದೇ? ಸಂಸಾರದಲ್ಲಿ ಅನಾದಿಯಿಂದ ಅಲೆದ ಜೀವಗಳಲ್ಲಿ ಒಂದಲ್ಲ ಒಂದು ಭವದಲ್ಲಿ ನಮಗೆ ಬಂಧುವಾಗದ ಜೀವ ಯಾವುದು? ಯಶೋಮತಿಯ ಅಜ್ಞಾನವು ನಂಟಿನ ವಿಷಯದಲ್ಲಿತ್ತು, ಕೊಲ್ಲುವ ವಿಷಯದಲ್ಲಿ ಇರಲಿಲ್ಲ. ಕೊಲ್ಲುವೆನೆಂದು ತಿಳಿದೇ ಅವನು ಕೊಂದನು. ಆದ್ದರಿಂದ ಸುದತ್ತಾಚಾರ್ಯರು ಸತ್ಯವನ್ನು ತಿಳಿಸಿದಾಗ ಅವನಿಗೆ ಉಂಟಾದದ್ದು ಬರಿಯ ದುಃಖವಲ್ಲ, ವೈರಾಗ್ಯ.

ಇಲ್ಲೊಂದು ಕೌಶಲವನ್ನು ವಾಚಕರು ಗಮನಿಸಬೇಕು. ಹಿಟ್ಟಿನ ಕೋಳಿಯ ಕೂಗು ಪಾಪವನ್ನು ತೋರಿಸಿದ ಕೂಗು. ಮುನಿಯ ಉಪದೇಶವನ್ನು ಕೇಳಿ ಜಾತಿಸ್ಮರಣೆಯುಂಟಾದ ನಿಜವಾದ ಕೋಳಿಗಳ ಕೂಗು ಅರಿವಿನ ಕೂಗು. ಬಾಣಕ್ಕೆ ದಾರಿಯಾದುದು ಈ ಎರಡನೆಯ ಕೂಗೇ. ಆದರೆ ಮನಸ್ಸು ಧರ್ಮದಲ್ಲಿ ನಿಂತಿದ್ದುದರಿಂದ ಆ ಸಾವು ಅವರನ್ನು ಮತ್ತೆ ಮನುಷ್ಯಜನ್ಮಕ್ಕೆ, ಅಭಯರುಚಿ ಅಭಯಮತಿಯರ ಜನ್ಮಕ್ಕೆ, ತಂದಿತು. ಗತಿಯನ್ನು ನಿರ್ಣಯಿಸುವುದು ಕೊಂದವನ ಭಾವವಲ್ಲ, ಸತ್ತವನ ಭಾವ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

೬. ವಿಧಿಯೆಂಬ ನೆಪ

ಕಾಮನ ಮಾಯೆಯೊಡನೆ ವಿಧಿಯನ್ನೂ ಜೊತೆಗೂಡಿಸಿ ಜನ್ನನು ಹೇಳಿರುವ ಪದ್ಯ ಬಹು ಪ್ರಸಿದ್ಧ. ಅದನ್ನು ಹಿಡಿದು, ಇಲ್ಲಿ ಯಾರೂ ಹೊಣೆಯಲ್ಲ, ವಿಧಿಯೇ ಎಲ್ಲಕ್ಕೂ ಹೊಣೆ ಎಂಬ ಅಭಿಪ್ರಾಯಕ್ಕೆ ಬರುವುದುಂಟು. ಪಾಶ್ಚಾತ್ಯ ದುರಂತ ನಾಟಕಗಳ ಪರಿಚಯವುಳ್ಳವರಿಗೆ ಈ ಅಭಿಪ್ರಾಯ ಆಕರ್ಷಕವಾಗಿ ಕಾಣಬಹುದು. ಆದರೆ ಜೈನ ಕವಿಯಲ್ಲಿ ವಿಧಿಯೆಂದರೆ ಹೊರಗಿನ ಒಂದು ಶಕ್ತಿಯಲ್ಲ. ಜೀವವು ತಾನೇ ಹಿಂದೆ ಕಟ್ಟಿಕೊಂಡ ಕರ್ಮ. ವಿಧಿಯನ್ನು ಹೊಣೆಯಾಗಿಸುವುದೆಂದರೆ ಹಳೆಯ ತನ್ನನ್ನೇ ಹೊಣೆಯಾಗಿಸುವುದು.

ಇನ್ನೊಂದು ಆಕ್ಷೇಪ ಇದಕ್ಕಿಂತ ಸೂಕ್ಷ್ಮವಾದುದು. ಆಯುಃಕರ್ಮ ಕ್ಷಯವಾಗದೆ ಮರಣವಿಲ್ಲ. ಯಶೋಧರನ ಆಯು ತೀರಿತ್ತು. ಹಾಗಾದರೆ ಅಮೃತಮತಿಯ ಅಪರಾಧವೇನು? ಕುಂದಕುಂದಾಚಾರ್ಯರು ಸಮಯಸಾರದ ಬಂಧಾಧಿಕಾರದಲ್ಲಿ, ನಾನು ಇತರರನ್ನು ಕೊಲ್ಲುತ್ತೇನೆಂದು ತಿಳಿಯುವವನು ಅಜ್ಞಾನಿ ಎಂದು ಹೇಳಿರುವುದನ್ನು ಈ ವಾದಕ್ಕೆ ಬಳಸಬಹುದು. ಆದರೆ ಆಚಾರ್ಯರ ಮಾತು ಅಲ್ಲಿಗೆ ಮುಗಿಯುವುದಿಲ್ಲ. ಜೀವಗಳು ಸಾಯಲಿ, ಸಾಯದಿರಲಿ, ಬಂಧವಾಗುವುದು ಅಧ್ಯವಸಾನದಿಂದ ಎಂದು ಅವರು ಅದೇ ಅಧಿಕಾರದಲ್ಲಿ ನಿರ್ಣಯಿಸಿದ್ದಾರೆ. ಈ ಒಂದೇ ನಿಯಮವು ಕಥೆಯ ಎರಡು ಘಟನೆಗಳನ್ನೂ ಅಳೆಯುತ್ತದೆ. ಹಿಟ್ಟಿನ ಕೋಳಿಯಲ್ಲಿ ಯಾರೂ ಸಾಯಲಿಲ್ಲ, ಅಧ್ಯವಸಾನವಿತ್ತು, ಬಂಧವಾಯಿತು. ವಿಷದೂಟದಲ್ಲಿ ಇಬ್ಬರು ಸತ್ತರು. ಅವರ ಆಯು ತೀರಿದ್ದರೂ ಕೊಲ್ಲುವ ಅಧ್ಯವಸಾನವಿತ್ತು, ಬಂಧವಾಯಿತು. ಸತ್ತವನ ಕರ್ಮವು ಕೊಂದವನಿಗೆ ರಕ್ಷಾಪತ್ರವಾಗಲಾರದು. ತಂದುಲಮತ್ಸ್ಯದ ದೃಷ್ಟಾಂತವೂ ಇದನ್ನೇ ಸಾರುತ್ತದೆ: ಒಂದು ಜೀವವನ್ನೂ ನುಂಗದ ಆ ಕಿರುಮೀನು ನುಂಗುವ ಚಿಂತೆಯಿಂದಲೇ ನರಕಕ್ಕಿಳಿಯಿತು.

ಹಿಟ್ಟಿನ ಕೋಳಿಯನ್ನು ಕಡಿದ ಪಾಪವೇ ವಿಷವಾಗಿ ಫಲಿಸಿತೆಂದು ಹೇಳುವುದೂ ವಿಚಾರಣೀಯ. ಅಮೃತಮತಿಯ ಜಾರತನವು ಬಲಿಗಿಂತ ಮೊದಲೇ ನಡೆದಿತ್ತು; ಅವಳ ಕೊಲೆಯ ಬುದ್ಧಿ ಹುಟ್ಟಿದ್ದು ಭಯದಿಂದ. ಬಲಿ ಮತ್ತು ವಿಷ ಒಂದರ ಹಿಂದೊಂದು ಬಂದುವೆಂಬ ಮಾತ್ರಕ್ಕೆ ಒಂದು ಮತ್ತೊಂದರ ಫಲವಾಗಬೇಕಿಲ್ಲ. ಬಲಿಯ ಫಲವೆಂದು ಕಥೆ ತೋರಿಸುವುದು ಭವಾವಳಿಯನ್ನು.

೭. ಹಸ್ತಪ್ರತಿಗಳ ಸಾಕ್ಷ್ಯ

ಹೊಣೆಯ ಪ್ರಶ್ನೆಯು ಹಿಂದಿನ ಓದುಗರನ್ನೂ ಕಾಡಿತ್ತೆಂದು ಊಹಿಸಲು ಜಸಹರಚರಿಉವಿನ ಪಾಠಚರಿತ್ರೆಯಲ್ಲಿ ಅವಕಾಶವಿದೆ. ಪಿ. ಎಲ್. ವೈದ್ಯರು ೧೯೩೧ರಲ್ಲಿ ಪ್ರಕಟಿಸಿದ ಪರಿಷ್ಕರಣದಿಂದ, ಪುಷ್ಪದಂತನ ಕಾವ್ಯಕ್ಕೆ ಗಂಧರ್ವನೆಂಬ ಕವಿ ಮೂರು ಭಾಗಗಳನ್ನು ಸೇರಿಸಿದುದು ವಿದ್ವಾಂಸರ ಗಮನಕ್ಕೆ ಬಂದಿತು. ಕಾಲ ವಿಕ್ರಮ ಸಂವತ್ ೧೩೬೫, ಎಂದರೆ ಕ್ರಿ.ಶ. ೧೩೦೮. ಭೈರವಾನಂದನು ರಾಜನ ಬಳಿಗೆ ಬರುವ ಸಂದರ್ಭ, ಯಶೋಧರನ ವಿವಾಹ, ಭವಾಂತರಗಳ ವರ್ಣನೆ ಇವೇ ಆ ಮೂರು. ಗಂಧರ್ವನು ತನ್ನ ಹೆಸರನ್ನು ಮರೆಸದೆ ಹೇಳಿಕೊಂಡಿರುವುದು ಅವನ ಪ್ರಾಮಾಣಿಕತೆಗೆ ಸಾಕ್ಷಿ.

ಸೇರ್ಪಡೆಗೊಂಡ ಸ್ಥಳಗಳನ್ನು ನೋಡಿರಿ. ಮಾರಿದತ್ತನನ್ನು ಬಲಿಗೆ ಪ್ರೇರಿಸುವವನ ಪಾತ್ರ ಹಿಗ್ಗಿದೆ. ಕರ್ಮಫಲದ ವಿವರ ಹಿಗ್ಗಿದೆ. ಪ್ರೇರಕನ ಚಿತ್ರ ದೊಡ್ಡದಾದಷ್ಟೂ ಓದುಗನ ದೃಷ್ಟಿ ಅರಸನಿಂದ ಅವನ ಕಡೆಗೆ ಸರಿಯುತ್ತದೆ. ಜನ್ನನಲ್ಲಾದರೋ ಅಂಥ ಪ್ರೇರಕನಿಗೆ ಪ್ರಾಧಾನ್ಯವಿಲ್ಲ. ಚಂಡಮಾರಿಯ ಜಾತ್ರೆಯ ರೂಢಿಯೇ ಅಲ್ಲಿ ಪ್ರೇರಕ. ರೂಢಿಗೆ ಮುಖವಿಲ್ಲ. ಆದ್ದರಿಂದ ಕತ್ತಿ ಹಿಡಿದ ಮಾರಿದತ್ತನೊಬ್ಬನೇ ನಮ್ಮೆದುರು ನಿಲ್ಲುತ್ತಾನೆ. ಯಶೋಧರನ ಕಥೆಯ ಹಸ್ತಪ್ರತಿಗಳನ್ನು ಪರಿಷ್ಕರಿಸುವವರು ಪಾಠಾಂತರಗಳನ್ನು ಗುರುತಿಸುವಾಗ, ಅವು ಪಾತ್ರಗಳ ಹೊಣೆಯನ್ನು ಎತ್ತ ಸರಿಸುತ್ತವೆ ಎಂಬುದನ್ನೂ ಲಕ್ಷಿಸಿದರೆ ಪ್ರಕ್ಷೇಪಗಳ ಉದ್ದೇಶವನ್ನು ತಿಳಿಯಲು ನೆರವಾದೀತು.

ಆಧುನಿಕರಲ್ಲಿ ಗಿರೀಶ ಕಾರ್ನಾಡರು ೧೯೮೦ರ ‘ಹಿಟ್ಟಿನ ಹುಂಜ’ ನಾಟಕಕ್ಕೆ ಈ ಕಥೆಯನ್ನೇ ಆರಿಸಿಕೊಂಡರು. ಹೆಸರಿನಲ್ಲಿಯೇ ಅವರು ಕಥೆಯ ನಡುಗಂಬವನ್ನು ಸರಿಯಾಗಿ ಗುರುತಿಸಿದ್ದಾರೆ. ಆ ನಡುಗಂಬ ವಿಷದ ಊಟವಲ್ಲ, ಹಿಟ್ಟಿನ ಕೋಳಿ.

೮. ಉಪಸಂಹಾರ

ಮೇಲಿನ ಪರಿಶೀಲನೆಯಿಂದ ಹೊಣೆಯೆಂಬುದು ಹಲವರಲ್ಲಿ ಹಂಚಿ ಕಡಿಮೆ ಮಾಡಬಹುದಾದ ಆಸ್ತಿಯಲ್ಲವೆಂಬುದು ವಿದಿತವಾಗುತ್ತದೆ. ಅಮೃತಮತಿಯ ಪಾಪ ಪೂರ್ಣವಾದುದೆಂಬ ಕಾರಣಕ್ಕೆ ಯಶೋಧರನದು ಅರ್ಧವಾಗುವುದಿಲ್ಲ; ಚಂದ್ರಮತಿ ಮಾಡಿಸಿದಳೆಂಬ ಕಾರಣಕ್ಕೆ ಮಾಡಿದವನದು ಹಗುರಾಗುವುದಿಲ್ಲ. ಒಬ್ಬನು ಮಾಡಿದ ಹಿಂಸೆಯ ಫಲವನ್ನು ಹಲವರು ಉಣ್ಣಬಹುದು, ಹಲವರು ಮಾಡಿದುದರ ಫಲವನ್ನು ಒಬ್ಬನು ಉಣ್ಣಬಹುದು ಎಂದು ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ವಿವರಿಸಿರುವುದು ಈ ಅರ್ಥದಲ್ಲಿಯೇ. ಒಬ್ಬೊಬ್ಬ ಜೀವಕ್ಕೂ ಅದರದರ ಭಾವವೇ ಅಳತೆ.

ಅಮೃತಮತಿಯೊಬ್ಬಳನ್ನೇ ಹೊಣೆಯಾಗಿಸಿ ಓದಿದರೆ ಈ ಮಹಾಕಥೆ ಸ್ತ್ರೀನಿಂದೆಯ ಒಂದು ಉದಾಹರಣೆಯಾಗಿ ಕುಗ್ಗುತ್ತದೆ. ವಿಧಿಯನ್ನೇ ಹೊಣೆಯಾಗಿಸಿ ಓದಿದರೆ ಕೊಂದವರೆಲ್ಲ ನಿರಪರಾಧಿಗಳಾಗುತ್ತಾರೆ. ಇವೆರಡಕ್ಕೂ ಅವಕಾಶವಾಗದಂತೆ ಪೂರ್ವಕವಿಗಳು ಒಂದು ವ್ಯವಸ್ಥೆಯನ್ನು ಮಾಡಿದ್ದಾರೆ. ಕಥೆಯನ್ನು ಹೇಳುವವನು ಅಭಯರುಚಿ. ಅವನೇ ಹಿಂದಿನ ಯಶೋಧರ. ಹೆಂಡತಿಯಿಂದ ಕೊಲೆಯಾದವನು, ಮಗನಿಂದ ಬಾಣಕ್ಕೆ ಗುರಿಯಾದವನು, ಈಗ ಮಾರಿದತ್ತನ ಕತ್ತಿಯೆದುರು ಬಲಿಗೆಂದು ನಿಂತವನು ದೂರು ಹೇಳಬಹುದಾಗಿತ್ತು. ಅವನು ಹೇಳಿದ್ದು ತಾನು ಕಡಿದ ಕೋಳಿಯ ಕಥೆಯನ್ನು. ಇದು ಆಲೋಚನೆ, ಪ್ರತಿಕ್ರಮಣಗಳ ರೀತಿ. ಒಬ್ಬನು ತನ್ನ ಹೊಣೆಯನ್ನು ಹೀಗೆ ಒಪ್ಪಿಕೊಂಡದ್ದನ್ನು ಕೇಳಿದ ಮಾರಿದತ್ತನಿಗೆ ರೂಢಿಯ ಮೇಲಾಗಲಿ ದೇವಿಯ ಮೇಲಾಗಲಿ ಹೊಣೆ ಹೊರಿಸಲು ಬಾಯಿ ಬರಲಿಲ್ಲ. ಅವನು ಕತ್ತಿಯನ್ನು ಕೆಳಗಿಟ್ಟನು. ಬಲಿಗೆಂದು ತಂದಿದ್ದ ಜೀವಗಳು ಉಳಿದುವು.